ದಿನ ನಿಂತಾವ

ಶಕೀಲಾ ಆಪಾ ಅವರಿಗೆ ಪಿಸುಮಾತು ಬರುತ್ತಿರಲಿಲ್ಲ. ಮಾದನಹಿಪ್ಪರಗಾ ದವಾಖಾನೆಯ ನರ್ಸಬಾಯಿ ಅವರು. ನಾವು ಸೆರಗು ಬಾಯಿಗಿಟ್ಟು ಆಡುವ ಮಾತನ್ನು ಬಸ್ ಕಂಡಕ್ಟರನ ಗಂಟಲಲ್ಲಿ ಕೇಳುತ್ತಿದ್ದರು. "ಏ ಬೇ, ಮುಟ್ಟು ಬರೋಬರಿ ಆಗ್ತಾವೇನು?" ಎಂದರೆ ಔಷಧದ ಸಾಲಿನಲ್ಲಿದ್ದ ಗಂಡಸರು ನೆಲ ನೋಡುತ್ತಿದ್ದರು. ನನಗಂತೂ ಆಗ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಮೂವತ್ತೆರಡಕ್ಕೆ ನನ್ನ ಮುಟ್ಟು ನಿಂತಿತು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ನಮ್ಮ ಕಡೆ ಮದುವೆಯಾದವಳಿಗೆ "ದಿನ ನಿಂತಾವ" ಎಂದರೆ ಒಂದೇ ಅರ್ಥ, ಬಸುರಿ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು, ಆಳಂದಕ್ಕೆ ಹೋಗಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಹಸಿರು ಸೀರೆಯನ್ನೂ ತಂದರು. ಕೂತಲ್ಲೇ ಮೈ ಕಾದು ಬೆವರುತ್ತಿದ್ದರೆ ಅದೂ ಬಸುರಿನದೇ ಎಂದುಕೊಂಡೆ. ಎಂಥ ಪೆದ್ದಿ ನಾನು!

ಪರೀಕ್ಷೆ ಮಾಡಿದ ಆಪಾ ಬಸುರಲ್ಲ ಎಂದರು. ಅಷ್ಟಕ್ಕೇ ಬಿಡದೆ ನನ್ನನ್ನು ಕಲಬುರಗಿಯ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದರು. ತಿಂಗಳು ಬಿಟ್ಟು ಎರಡು ಸಲ ರಕ್ತ ನೋಡಿದರು. ಅಷ್ಟರಲ್ಲಿ ಮನೆಯಲ್ಲಿ ನನ್ನನ್ನು ತವರಿಗೆ ಕಳಿಸುವ ಮಾತು ಎದ್ದಿತ್ತು. ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅದೇ ನನ್ನನ್ನು ಸುಟ್ಟಿದ್ದು.

ರಿಪೋರ್ಟ್ ಬಂದ ದಿನ ಆಪಾ ನೇರ ನಮ್ಮ ಪಡಸಾಲೆಗೇ ಬಂದು ಕೂತರು.

"ಅವ್ವಾರ, ಈಕಿ ಅಂಡಾಶಯ ಸುಸ್ತಾಗ್ಯಾವ. ಐವತ್ತರ ಸುತ್ತ ಆಗೋದು ಈಕಿಗಿ ಜಲ್ದಿ ಆಗ್ಯಾದ. ಯಾರ ಶಾಪಾನೂ ಅಲ್ಲ, ಈಕಿ ಕಸೂರೂ ಅಲ್ಲ. ಎಲುಬು ಗಟ್ಟಿ ಇರ್ಲಿ ಅಂತ ಡಾಕ್ಟರು ಗುಳಿಗಿ ಬರದಾರ, ತಪ್ಪಸಬ್ಯಾಡ್ರಿ."

"ಮಕ್ಕಳು?" ಅತ್ತೆ ಕೇಳಿದರು.

"ಭಾಳ ಕಷ್ಟ ಅದರಿ. ಸುಳ್ಳು ಹೇಳಂಗಿಲ್ಲ. ಆದ್ರ ಸೊಸಿ ಅಂದ್ರ ಬರೇ ಹೊಟ್ಟಿ ಏನ್ರಿ?"

ಅತ್ತೆ ಗೋಡೆ ನೋಡುತ್ತ ಹೇಳಿದರು: "ನಮ್ಮ ತಂಗೀನ ಕೊಳಕೂರಿಗಿ ಕೊಟ್ಟಿದ್ವಿ. ಆಕಿಗೂ ಹಿಂಗೇ ದಿನ ನಿಂತಿದ್ವು. ಬಂಜಿ ಅಂತ ಹೊರಗ ಹಾಕಿದ್ರು. ಸಾಯೋತನಕ ಅಪ್ಪನ ಮನ್ಯಾಗ ತಲಿ ಎತ್ತಲಿಲ್ಲ."

ಎದ್ದು ಹೋಗಿ ಆ ಹಸಿರು ಸೀರೆ ತಂದು ನನ್ನ ಉಡಿಗೆ ಹಾಕಿದರು. "ಉಟಗೋ. ಎಲ್ಲಿಗೂ ಹೋಗೋದಿಲ್ಲ ನೀ." ಗಂಡ ಬಾಗಿಲಲ್ಲಿ ನಿಂತು ಅತ್ತ. ಅಳಲಿ ಎಂದು ಬಿಟ್ಟೆ. ನಾನು ಅಳಲಿಲ್ಲ, ಗೆದ್ದಿದ್ದೆ!

ಹೋದ ವರ್ಷ ಆಪಾ ನಿವೃತ್ತರಾಗಿ ಅಫಜಲಪುರದ ಮಗಳ ಮನೆಗೆ ಹೊರಟರು. ಕಳಿಸಲು ಅರ್ಧ ಊರಿನ ಹೆಂಗಸರು ಬಂದಿದ್ದರು. ಅತ್ತೆ ಬಸ್ಸಿನ ಕಿಟಕಿಗೆ ಕೈಚಾಚಿ ಆಪಾರ ಕೈ ಹಿಡಿದರು, ಬಸ್ಸು ಅಲುಗಿದರೂ ಬಿಡಲಿಲ್ಲ.

"ನೀ ಆಗ ಕೊಳಕೂರಾಗ ಇರಬೇಕಿತ್ತವಾ," ಎಂದರು.