ಗ್ರೂಶಾ ಚಿಕ್ಕಮ್ಮ ವಿಮಾನದಿಂದ ಜಿಗಿದದ್ದು

ವೋಲ್ಗಾ ದಂಡೆಯ ವಿಮಾನ ನಿಲ್ದಾಣದಲ್ಲಿ ಅಗ್ರಾಫೆನಾ ಯೆಗೋರೊವ್ನಾ ಹನ್ನೆರಡು ವರ್ಷದಿಂದ ಪ್ಯಾರಾಚೂಟ್ ಮಡಚುತ್ತಿದ್ದಳು. ಎಲ್ಲರಿಗೂ ಅವಳು ಗ್ರೂಶಾ ಚಿಕ್ಕಮ್ಮ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹರವಿ, ಒಂದೊಂದು ಹಗ್ಗವನ್ನೂ ಬೆರಳಲ್ಲಿ ಎಣಿಸಿ, ಒಂದು ಸುಕ್ಕು ಕಂಡರೂ ಬಿಚ್ಚಿ ಮೊದಲಿಂದ ಮಡಚುವಳು. ಮಡಚುವವರೂ ವರ್ಷಕ್ಕೊಮ್ಮೆ ವಿಮಾನದಿಂದ ಹಾರಬೇಕೆಂಬ ನಿಯಮವಿತ್ತು. ಪ್ರತಿ ವರ್ಷ ಸರಿಯಾಗಿ ಅದೇ ದಿನ ಗ್ರೂಶಾಳ ಸೊಂಟ ಹಿಡಿದುಕೊಳ್ಳುತ್ತಿತ್ತು.

ಅರವತ್ತನೇ ಇಸವಿಯ ವಸಂತದಲ್ಲಿ ಮಾಸ್ಕೋದಿಂದ ಕೆಲವು ಪೈಲಟ್‌ಗಳು ಜಿಗಿತ ಕಲಿಯಲು ಬಂದರು. ಬಾಹ್ಯಾಕಾಶಕ್ಕೆ ಹೋಗುವ ರಾಕೆಟ್ಟಿನಲ್ಲಿ ಕೂರಿಸಲು ಆರಿಸಿದವರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಡುಗೆಮನೆಯವರಿಗೂ ಗೊತ್ತಿತ್ತು. ಅವರಲ್ಲಿ ರೋದಿಯೋನ್ ಎಂಬವನು ಮೂರನೆಯ ಜಿಗಿತದಲ್ಲಿ ಕೆಟ್ಟದಾಗಿ ಬಿದ್ದು ಹೆದರಿಹೋಗಿದ್ದ. ಮರುದಿನ ತನ್ನ ಪ್ಯಾರಾಚೂಟನ್ನು ಎರಡು ಸಲ ಬಿಚ್ಚಿಸಿ ಮಡಚಿಸಿದ.

“ಇವತ್ತು ಹಾರದಿದ್ರೆ ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕ್ತೀನಿ,” ಎಂದ ತರಬೇತಿ ಕೊಡುವ ಸವೇಲಿ.

ರೋದಿಯೋನ್ ಮೇಜಿನ ಬಳಿ ಬಂದ. “ಚಿಕ್ಕಮ್ಮ, ಇನ್ನೊಂದೇ ಸಲ ಬಿಚ್ತೀಯಾ?”

“ಯಾಕೋ, ಒಳಗೆ ಬೆಕ್ಕು ಮರಿ ಹಾಕಿದ್ಯಾ?”

“ನಿಂಗೇನಮ್ಮ, ನೆಲದ ಮೇಲೆ ನಿಂತು ಮಡಚ್ತೀಯ. ಒಂದ್ಸಲನಾದ್ರೂ ಹಾರಿದ್ದೀಯಾ?”

ಸುತ್ತಲಿದ್ದವರು ಕಿಸಕ್ಕೆಂದರು. ಗ್ರೂಶಾಳ ಮುಖ ಬೀಟ್‌ರೂಟಿನಂತಾಯಿತು.

“ಕೊಡಿಲ್ಲಿ. ನಿಂದು ನಾನು ಕಟ್ಕೋತೀನಿ. ಪಕ್ಕದ್ದೂ ನಾನೇ ಮಡಚಿದ್ದು, ಅದನ್ನ ನೀನು ಕಟ್ಕೋ.”

“ಸೊಂಟ?” ಸವೇಲಿ ಕೇಳಿದ.

“ಇವತ್ತು ರಜೆ ಮೇಲಿದೆ.”

ವೈದ್ಯ ಇಬ್ಬರ ನಾಡಿ ಹಿಡಿದ. ರೋದಿಯೋನನದು ನೂರಹತ್ತು, ಅವಳದು ನೂರಮೂವತ್ತು. “ಹೆದರೋದ್ರಲ್ಲಿ ಚಿಕ್ಕಮ್ಮನೇ ಮೊದಲು,” ಎಂದ. ರೋದಿಯೋನನಿಗೂ ನಗು ಬಂತು.

ಮೇಲೆ ವಿಮಾನದ ಬಾಗಿಲಲ್ಲಿ ಗ್ರೂಶಾ ಎರಡೂ ಕೈಯಿಂದ ಚೌಕಟ್ಟನ್ನು ಹಿಡಿದು ನಿಂತಳು. “ತಳ್ಳಬೇಡ ಸವೇಲಿ, ನಾನೇ ಹೋಗ್ತೀನಿ,” ಎಂದಳು. ಹೋದಳು. ರೋದಿಯೋನ್ ಬಗ್ಗಿ ನೋಡಿದ. ಕೆಳಗೆ ಬಿಳಿ ಕೊಡೆ ಅರಳಿತು. ಅವನೂ ಜಿಗಿದ.

ಉತ್ತ ಹೊಲದಲ್ಲಿ ಇಳಿದು ಅವನು ಅವಳ ಬಳಿ ಓಡಿದಾಗ, ಅವಳು ಕೂತಲ್ಲೇ ಪ್ಯಾರಾಚೂಟಿನ ಬಟ್ಟೆಗಂಟಿದ ಮಣ್ಣು ಕೊಡವುತ್ತಿದ್ದಳು.

“ಭಯ ಆಗ್ಲಿಲ್ವಾ ಚಿಕ್ಕಮ್ಮ?”

“ಜೀವ ಬಾಯಿಗೆ ಬಂದಿತ್ತು ಕಣೋ.”

“ವೋಲ್ಗಾ ಹೇಗೆ ಕಾಣಿಸ್ತು?”

“ಎಲ್ಲಿ ಕಾಣಿಸುತ್ತೆ! ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ದೆ.” ಅವಳು ತಲೆಯೆತ್ತಿ ವಿಮಾನ ಹೋದ ಕಡೆಗೇ ನೋಡಿದಳು. ಸಂಕಟ ತಡೆಯಲಾಗಲಿಲ್ಲ. “ಅಷ್ಟು ಮೇಲೆ ಹೋಗಿ ಏನೂ ನೋಡದೆ ಬಂದ್ನಲ್ಲೋ! ಏಳು, ಆ ತುದಿ ಹಿಡ್ಕೋ. ಬೇಗ ಮಡಚೋಣ, ಇನ್ನೊಂದ್ಸಲ ಹೋಗ್ಬೇಕು.”

“ನಾನೂ ಬರ್ತೀನಿ,” ಎಂದು ರೋದಿಯೋನ್ ಬಟ್ಟೆಯ ತುದಿ ಹಿಡಿದ.