ತಂಪಮ್ಮ ಅಳಿಸಿದ ಟೇಪುಗಳು

ಬ್ಯಾಟರಿ ಕಾರ್ಖಾನೆಯ ಆಫೀಸಿನಲ್ಲಿ ಎಲ್ಲರೂ ಅವಳನ್ನು ತಂಪಮ್ಮ ಎಂದೇ ಕರೆಯುತ್ತಿದ್ದರು. ಹೊರಗೆ ಬಿಸಿಲಿಗೆ ಡಾಂಬರು ಕರಗುತ್ತಿದ್ದರೂ ಅವಳ ಮೈಮೇಲೆ ಸ್ವೆಟರ್ ಇರುತ್ತಿತ್ತು. ಕಂಪ್ಯೂಟರ್‌ಗಳಿಗಾಗಿ ಸದಾ ಏಸಿ ಓಡುವ, ಕಿಟಕಿಯಿಲ್ಲದ ಕೋಣೆ ಅವಳದು. ಲೆಕ್ಕಪತ್ರ, ಸಂಬಳ, ಹಾಜರಿ ಎಲ್ಲದರ ನಕಲನ್ನು ದಿನವೂ ಟೇಪಿಗೆ ಇಳಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವಳ ಕೆಲಸ. ಕಂಪ್ಯೂಟರ್ ಕೈಕೊಟ್ಟ ದಿನ ಆ ಟೇಪುಗಳೇ ಗತಿ. ಉಳಿದ ದಿನಗಳಲ್ಲಿ ಅವಳೊಬ್ಬಳು ಇದ್ದಾಳೆಂಬುದೂ ಯಾರಿಗೂ ನೆನಪಿರುತ್ತಿರಲಿಲ್ಲ.

ಆ ಕೆಲಸ ಕೊಡಿಸಿದ್ದು ಅಣ್ಣ. ಅದೇ ಕಾರ್ಖಾನೆಯಲ್ಲಿ ಸೀಸ ಕರಗಿಸುವ ಕುಲುಮೆಯ ಮುಂದೆ ಪ್ರಾಯವೆಲ್ಲ ಸವೆಸಿದವನು. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿ, ಮೇಸ್ತ್ರಿಯಿಂದ ಮ್ಯಾನೇಜರ್‌ವರೆಗೆ ಕಂಡಕಂಡವರ ಕೈಕಾಲು ಹಿಡಿದು ಒಳಗೆ ಸೇರಿಸಿದ್ದ. "ನಾನು ಬೆಂಕಿ ಮುಂದೆ, ನೀನು ಮಂಜಿನೊಳಗೆ" ಎಂದು ನಗುತ್ತಿದ್ದ.

ಒಂದು ವರ್ಷ ಹೊಸ ಟೇಪು ಬರುವುದೇ ನಿಂತಿತು. ಕೇಳಿದಾಗಲೆಲ್ಲ ಖರೀದಿ ವಿಭಾಗದವರು ಮುಂದಿನ ತಿಂಗಳು ಎನ್ನುತ್ತಿದ್ದರು. ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಕೊನೆಗೊಂದು ಬೆಳಿಗ್ಗೆ ಬಂದು ನೋಡಿದರೆ, ಖಾಲಿ ಟೇಪು ಬೇಕೆಂದು ಪರದೆಯ ಮೇಲೆ ಬರೆದುಕೊಂಡು ಯಂತ್ರ ಮುಷ್ಕರ ಹೂಡಿ ಕೂತಿತ್ತು. ಹಿಂದಿನ ದಿನದ ನಕಲು ಆಗಿರಲೇ ಇಲ್ಲ.

ತಂಪಮ್ಮ ಟೊಂಕ ಕಟ್ಟಿದಳು. ಕೆಟ್ಟಿವೆಯೆಂದು ಯಂತ್ರ ತಳ್ಳಿಹಾಕಿದ್ದ ಟೇಪುಗಳನ್ನು ಮತ್ತೆ ಪರೀಕ್ಷಿಸಿದಳು. ಟೇಪು ಓದುವ ಭಾಗಕ್ಕೇ ಧೂಳು ಹಿಡಿದಿತ್ತು. ಅದನ್ನು ಶುಚಿ ಮಾಡಿದ ಮೇಲೆ ಕೆಲವು ಬದುಕಿಕೊಂಡವು. ಅರ್ಧಂಬರ್ಧ ತುಂಬಿದ್ದವನ್ನು ಒಟ್ಟುಗೂಡಿಸಿದಳು. ಹಾಗೂ ಹೀಗೂ ಕೆಲವು ವಾರ ದೂಡಿದಳು. ಆದರೆ ಬೀರುವಿನ ಮುಕ್ಕಾಲು ಪಾಲಿನಲ್ಲಿ 'ಎಂದಿಗೂ ಅಳಿಸಬಾರದು' ಎಂದು ಗುರುತು ಹಾಕಿದ ಹಳೆಯ ಟೇಪುಗಳೇ ಇದ್ದವು. ಯಾವ ಕಾರ್ಮಿಕ ಯಾವ ವಿಭಾಗದಲ್ಲಿ, ಯಾವ ಪಾಳಿಯಲ್ಲಿ ದುಡಿದ ಎಂಬ ಹಾಜರಿ ಅದು. ಮೂಲ ಕಂಪ್ಯೂಟರ್ ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು.

ಮ್ಯಾನೇಜರ್ ಬಾಗಿಲಲ್ಲೇ ನಿಂತು, "ಹಳೇ ಹಾಜರಿ ಯಾರಿಗಮ್ಮ ಬೇಕು? ಅಳಿಸಿ, ಬಳಸ್ಕೊಳ್ಳಿ" ಎಂದರು.

"ಒಂದು ಸಾಲು ಬರೆದುಕೊಟ್ಬಿಡಿ ಸಾರ್."

"ನಿಮ್ಮಣ್ಣ ಬಂದು ನಿಮಗೆ ಕೆಲಸ ಕೇಳಿದಾಗ ನಾನೇನಾದ್ರೂ ಬರೆಸ್ಕೊಂಡಿದ್ನಾ?"

ಅಣ್ಣನ ಮಾತು ಬಂದದ್ದೇ ಅವಳ ಬಾಯಿ ಕಟ್ಟಿತು. ಎರಡು ದಿನ ಕೂತು ಅಷ್ಟನ್ನೂ ಅಳಿಸಿದಳು. ಕೊರತೆ ನೀಗಿತು. ಬಿಡಿಗಾಸಿನ ಖರ್ಚಿಲ್ಲದೆ ಕೆಲಸ ನಡೆಸಿದಳೆಂದು ಮ್ಯಾನೇಜರ್ ಮೀಟಿಂಗಿನಲ್ಲಿ ಹೊಗಳಿದರು. ಆ ಹೊಗಳಿಕೆಯನ್ನಷ್ಟೇ ಅವಳು ಅಣ್ಣನ ಮನೆಗೂ ಹೋಗಿ ಹೇಳಿಕೊಂಡು ಬಂದಳು.

ಅಣ್ಣನ ಕೈ ಜೋತುಬೀಳತೊಡಗಿದ್ದು ಅವನು ನಿವೃತ್ತನಾದ ಮೇಲೆ. ಹೊಟ್ಟೆ ಹಿಂಡುವ ನೋವು, ಬಿಳಿಚಿದ ಮುಖ. ರಕ್ತದಲ್ಲಿ ಸೀಸ ಸೇರಿದೆ ಎಂದರು ವೈದ್ಯರು. ಪರಿಹಾರ ಕೇಳಿದರೆ ಕಂಪನಿ ಕೈ ಕೊಡವಿತು. ಕೊನೆಯ ವರ್ಷಗಳಲ್ಲಿ ಅವನು ಪ್ಯಾಕಿಂಗ್‌ನಲ್ಲಿದ್ದ, ಕುಲುಮೆಯಲ್ಲಿ ದುಡಿದದ್ದಕ್ಕೆ ಪುರಾವೆ ತರಲಿ ಎಂದಿತು. ಅಣ್ಣ ಹೆದರಲಿಲ್ಲ. ವಕೀಲರ ಮುಂದೆ, ನೆರೆಯವರ ಮುಂದೆ ಒಂದೇ ಮಾತು: "ನನ್ನ ತಂಗಿ ಬೀರುವಿನಲ್ಲಿ ನನ್ನ ಒಂದೊಂದು ದಿನಾನೂ ಭದ್ರವಾಗಿದೆ."

ಅತ್ತಿಗೆ ಟೀ ತಂದಿಟ್ಟಾಗ ತಂಪಮ್ಮ ಲೋಟ ಮುಟ್ಟಲಿಲ್ಲ. ನೆಲ ನೋಡುತ್ತಲೇ ಎಲ್ಲ ಹೇಳಿದಳು.

ಅಣ್ಣ ತನ್ನ ಲೋಟವನ್ನು ಎರಡೂ ಕೈಯಿಂದ ಕೆಳಗಿಟ್ಟ. "ಬರೆದು ಕೊಡಿ ಅಂತ ಕೇಳ್ಲಿಲ್ವಾ?"

"ಕೇಳ್ದೆ. ಕೊಡ್ಲಿಲ್ಲ."

"ಮತ್ಯಾಕೆ ಅಳಿಸ್ದೆ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ನಿನ್ನ ಋಣ ಎತ್ತಿ ಆಡಿದರು ಎಂದರೆ ತಪ್ಪು ಅಣ್ಣನ ತಲೆಗೇ ಸುತ್ತಿಕೊಳ್ಳುತ್ತದೆ. ಅವಳು ಅದನ್ನು ನುಂಗಿಕೊಂಡಳು.

ಕಾರ್ಮಿಕ ನ್ಯಾಯಾಲಯದಲ್ಲಿ ತಂಪಮ್ಮ ನಡೆದದ್ದನ್ನು ನಡೆದಂತೆ ಹೇಳಿದಳು. ಮ್ಯಾನೇಜರ್ ಬಂದು, ಖಾಲಿ ಟೇಪು ಹುಡುಕಿ ಎಂದಿದ್ದೆನೇ ಹೊರತು ಹಾಜರಿ ಅಳಿಸಿ ಎನ್ನಲಿಲ್ಲವೆಂದು ಮೆತ್ತಗೆ ನುಡಿದರು. ದಾಖಲೆ ನಾಶಮಾಡಿದವಳು ಅರ್ಜಿದಾರನ ಒಡಹುಟ್ಟಿದವಳೇ, ಇದಕ್ಕೆ ಕಂಪನಿ ಏನು ಮಾಡಲಾದೀತು ಎಂದು ಕಂಪನಿಯ ವಕೀಲ ಕೇಳಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕುಲುಮೆಯ ಜೊತೆಗಾರರಿಬ್ಬರು ಬಂದು ಸಾಕ್ಷಿ ನುಡಿದರು. ಗೆಳೆಯರ ಮಾತೆಂದು ಅದನ್ನು ಗಣಿಸಲಿಲ್ಲ. ಅರ್ಜಿ ಬಿದ್ದುಹೋಯಿತು.

ಕಂಪನಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆ ಕೊಟ್ಟು ಉಳಿಸಿಕೊಂಡಿತು. ಒಳಗಿದ್ದರೆ ಇನ್ನು ಮುಂದೆ ಬಾಯಿ ಮುಚ್ಚಿಕೊಂಡಿರುತ್ತಾಳೆಂದು ಲೆಕ್ಕ ಹಾಕಿತ್ತು, ಆ ಲೆಕ್ಕ ತಪ್ಪಲೂ ಇಲ್ಲ. ಬಿಟ್ಟು ಹೋಗೋಣವೆಂದರೆ ಅಣ್ಣನ ಔಷಧಿ ಈಗ ಅವಳ ಸಂಬಳದಿಂದಲೇ ಬರುತ್ತಿತ್ತು.

"ಬರ್ಬೇಡ ಅಂತ ನಾನು ಅನ್ನಲ್ಲಮ್ಮ" ಎಂದಳು ಅತ್ತಿಗೆ. "ಬಾ, ಕೂತ್ಕೋ. ಕಂಪನಿ ಮಾತು ಮಾತ್ರ ಎತ್ತಬೇಡ."

ಭಾನುವಾರ ಬೆಳಿಗ್ಗೆ ಅವಳು ಹೋಗುತ್ತಾಳೆ. ಅಣ್ಣನ ಬೆರಳಿಗೆ ಅಂಗಿಯ ಗುಂಡಿ ಸಿಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅವಳೇ ಹಾಕುತ್ತಾಳೆ. ಅಣ್ಣ ಬೇಡವೆನ್ನುವುದಿಲ್ಲ. ಕುತ್ತಿಗೆಯ ಗುಂಡಿ ಹಾಕಿ ಮುಗಿಯುವ ತನಕ ಗೋಡೆ ನೋಡುತ್ತ ನಿಂತಿರುತ್ತಾನೆ.