ಎದ್ದು ನಿಂತ ಮಾನಿಟರ್

ಇನ್ನು ಮುಂದೆ ಸುದ್ದಿಯನ್ನು ಪತ್ರಿಕೆಯ ಮೊಬೈಲ್ ಆ್ಯಪ್‌ನಿಂದಲೇ ಕಳಿಸಬೇಕು, ಇಮೇಲ್ ನೋಡುವುದಿಲ್ಲ ಎಂದು ಕಚೇರಿಯಿಂದ ಸೂಚನೆ ಬಂತು. ನಾನು ಮೂಡಲಗಿಯ ವರದಿಗಾರ. ಬೈಕಿನಿಂದ ಬಿದ್ದ ಮೇಲೆ ನನ್ನ ಬೆರಳುಗಳು ಸೆಟೆದುಕೊಂಡಿವೆ. ಕೀಬೋರ್ಡ್‌ನ ದಪ್ಪ ಕೀಲಿಗಳನ್ನು ಒತ್ತಬಲ್ಲೆ; ಫೋನಿನ ಗಾಜಿನ ಮೇಲೆ ಒಂದಕ್ಷರ ಮುಟ್ಟಿದರೆ ಪಕ್ಕದ್ದೂ ಮೂಡುತ್ತದೆ. ನನ್ನ ಹಳೆಯ ಫೋನು ಹೊರಗಿನ ಕೀಬೋರ್ಡನ್ನು ಒಪ್ಪುವುದಿಲ್ಲ.

"ಹುಕ್ಕೇರಿ ವರದಿಗಾರರು ಮಗಳ ಕಡೆ ಟೈಪ್ ಮಾಡಸ್ತಾರ. ನೀವೂ ಯಾರಿಗರ ಹೇಳ್ರಿ" ಎಂದರು, ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು.

ಅದು ನನ್ನಿಂದಾಗದು. ಹೆಸರು ಹೊರಗೆ ಬರಬಾರದೆಂದು ಹೇಳಿಯೇ ನನಗೆ ಸುದ್ದಿ ಕೊಡುವವರಿದ್ದಾರೆ. ಆ ಟಿಪ್ಪಣಿಗಳನ್ನು ಇನ್ನೊಬ್ಬರ ಮುಂದಿಡಲಾರೆ. ಬರೆದರೆ ನಾನೇ ಬರೆಯಬೇಕು, ಇಲ್ಲವೇ ವರದಿಗಾರಿಕೆ ಬಿಡಬೇಕು.

ಫೋನುಗಳನ್ನು ನಡೆಸುವ ಆಂಡ್ರಾಯ್ಡ್ ಮುಕ್ತ ತಂತ್ರಾಂಶ. ಅದನ್ನು ಮಾಮೂಲಿ ಕಂಪ್ಯೂಟರಿಗೆ ಹೊಂದಿಸಿ ಪುಕ್ಕಟೆ ಹಂಚುವವರಿದ್ದಾರೆ ಎಂದು ಓದಿದ್ದೆ. ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನ ಅಂಗಡಿಗೆ ಹೋದೆ.

"ಸರ, ಟ್ರ್ಯಾಕ್ಟರಿಗೆ ಸ್ಕೂಟರ್ ಇಂಜಿನ್ ಕುಂಡ್ರಸಾಕ ಹೊಂಟೀರಿ" ಎಂದು ನಕ್ಕ.

"ಓಡತೈತೋ ಇಲ್ಲೋ ಹೇಳ್ರಿ ಭಾಯಿ."

"ಓಡೂದೇನೋ ಓಡತೈತಿ. ಬ್ರೇಕ್ ಎಲ್ಲೈತಿ ಅಂತ ನನ್ನ ಕೇಳಬ್ಯಾಡ್ರಿ."

ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟ. ಮನೆಯ ಹಳೆಯ ಕಂಪ್ಯೂಟರಿಗೆ ಅದನ್ನು ಚುಚ್ಚಿದೆ. ದೊಡ್ಡ ಪರದೆಯ ಮೇಲೆ ಫೋನು ತೆರೆದುಕೊಂಡಿತು. ಕೀಬೋರ್ಡ್‌ನಿಂದ ಕನ್ನಡ ಮೂಡಿಸಲು ಒಂದು ಮಧ್ಯಾಹ್ನ ಹೋಯಿತು. ಆದರೆ ಪತ್ರಿಕೆಯ ಆ್ಯಪ್ ತೆರೆದರೆ ಇಡೀ ಚಿತ್ರ ಅಡ್ಡ ತಿರುಗುತ್ತಿತ್ತು. ಅದನ್ನು ಉದ್ದಕ್ಕೆ ಹಿಡಿದ ಫೋನಿಗೆಂದೇ ಮಾಡಿದ್ದರು. ಸೆಟ್ಟಿಂಗ್ ಬದಲಿಸಿ ನೋಡಿದೆ, ಬಗ್ಗಲಿಲ್ಲ. ಕೊನೆಗೆ ಮಾನಿಟರನ್ನೇ ಸ್ಟ್ಯಾಂಡಿನಿಂದ ಬಿಚ್ಚಿ, ಉದ್ದಕ್ಕೆ ನಿಲ್ಲಿಸಿ, ಹಳೆಯ ಪತ್ರಿಕೆಗಳ ಕಟ್ಟನ್ನು ಒತ್ತುಕೊಟ್ಟೆ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರಿ ಇದು, ಅದಕ್ಕ್ಯಾಕ ನಿಂದ್ರೂ ಶಿಕ್ಷಾ ಕೊಟ್ಟೀರಿ?"

"ಹೇಳಿದಂಗ ಕೇಳಲಿಲ್ಲ."

"ಹಂಗಿದ್ರ ನಿಮ್ಮನ್ನ ಎಂದೋ ನಿಂದ್ರಸಬೇಕಿತ್ತು ನಾನು."

ಆ ವಾರ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಪೈಪನ್ನು ಯಾರದೋ ಕಬ್ಬಿನ ಹೊಲಕ್ಕೆ ತಿರುಗಿಸಿದ್ದರು. ಆ ಹೊಲದಲ್ಲಿ ಕೆಲಸ ಮಾಡುವವರೇ ಗುಟ್ಟಾಗಿ ನನಗೆ ತಿಳಿಸಿದ್ದರು. ಸುದ್ದಿ ಮುಕ್ಕಾಲು ಬರೆದಾಗ ಕರೆಂಟು ಹೋಯಿತು. ಮರಳಿ ಬಂದಾಗ ಆ್ಯಪೂ ಇಲ್ಲ, ಸುದ್ದಿಯೂ ಇಲ್ಲ. ಹಳೆಯ ಫೈಲುಗಳಿಗೆ ಧಕ್ಕೆಯಾದೀತೆಂದು ಎಲ್ಲವನ್ನೂ ಪೆನ್‌ಡ್ರೈವ್‌ನಿಂದಲೇ ನಡೆಸಿದ್ದೆ. ಹಾಗೆ ನಡೆಸಿದರೆ ಕಂಪ್ಯೂಟರ್ ಆರಿದೊಡನೆ ಏನೂ ಉಳಿಯುವುದಿಲ್ಲ.

ಅಂದಿನ ಪುಟ ಅಚ್ಚಿಗೆ ಹೋಗಲು ಇನ್ನೂ ಹೊತ್ತಿತ್ತು. ಹಳೆಯ ಫೈಲುಗಳನ್ನು ಬೇರೆಡೆ ತೆಗೆದಿಟ್ಟು, ಆಂಡ್ರಾಯ್ಡನ್ನು ಕಂಪ್ಯೂಟರಿನಲ್ಲೇ ಕೂರಿಸಿದೆ. ಮೊದಲ ಸಾಲಿನಿಂದ ಮತ್ತೆ ಬರೆದು ಕಳಿಸಿದೆ.

ಡೆಸ್ಕಿನಿಂದ ಫೋನ್ ಬಂತು. "ಸುದ್ದಿ ಬಂತ್ರಿ. ಯಾರ ಕಡೆ ಬರಸಿದ್ರಿ?"

"ನಾನ ಬರದೇನ್ರಿ."

ಮರುದಿನ ಸುದ್ದಿ ಪ್ರಕಟವಾಯಿತು. ಹೇಳಿದವರು ಯಾರೆಂದು ಆ ಹಳ್ಳಿಯಲ್ಲಿ ಹಲವರು ಹುಡುಕಿದರು. ಸಿಗಲಿಲ್ಲ.